ಆಪರೇಷನ್ ಅನಸ್ತೇಶಿಯಾದಿಂದ ಅಮ್ಮನ ಇಮ್ಯೂನಿಟಿ ಬಿದ್ದುಹೋಗುತ್ತಾ?

ಪ್ರಶ್ನೆ: ನನ್ನ ಅಮ್ಮನಿಗೆ 61 ವರ್ಷ. ತುಮಕೂರಿನಲ್ಲಿ ಟೀಚರ್ ಆಗಿದ್ದವರು, ರಿಟೈರ್ ಆದ ಮೇಲೆ ವಿಜಯನಗರದಲ್ಲಿ ನಮ್ಮ ಜೊತೆ ಇದ್ದಾರೆ. ಎಡ ಸ್ತನದಲ್ಲಿ ಮೂರು ಸೆಂಟಿಮೀಟರ್ ಗಡ್ಡೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಬೇರೆ ಕಡೆ ಹರಡಿಲ್ಲ. ಇನ್ನು ಹನ್ನೆರಡು ದಿನಕ್ಕೆ ಆಪರೇಷನ್. ಅಮ್ಮನಿಗೆ ಶುಗರ್ ಇದೆ, ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1. ನಮ್ಮ ಸೋದರಮಾವ ಒಂದು ವಾಟ್ಸ್ಯಾಪ್ ಮೆಸೇಜ್ ಕಳಿಸಿದ್ದಾರೆ. ಅನಸ್ತೇಶಿಯಾ ಗ್ಯಾಸ್ ರಕ್ತದಲ್ಲಿರುವ ನ್ಯಾಚುರಲ್ ಕಿಲ್ಲರ್ ಕಣಗಳನ್ನು ಕೊಲ್ಲುತ್ತದಂತೆ, ಅದಕ್ಕೇ ಆಪರೇಷನ್ ಆದವರಿಗೆ ಕ್ಯಾನ್ಸರ್ ವಾಪಸ್ ಬರುತ್ತದಂತೆ. ಗ್ಯಾಸ್ ಬೇಡ, ಬಿಳಿ ಇಂಜೆಕ್ಷನ್ ಕೊಡಿ ಅಂತ ನಾವೇ ಕೇಳಬೇಕಾ? ಪೂರ್ತಿ ಮತ್ತು ಬರಿಸದೆ ಆ ಜಾಗ ಮಾತ್ರ ಮರಗಟ್ಟಿಸಿ ಮಾಡಬಹುದಾ? ಆಪರೇಷನ್‌ಗೆ ಮುಂಚೆ, ಆಮೇಲೆ ಇಮ್ಯೂನಿಟಿ ಟೆಸ್ಟ್ ಮಾಡಿಸಬೇಕಾ? ಅಮೃತಬಳ್ಳಿ ಕಷಾಯ ಕೊಡುತ್ತಿದ್ದೇವೆ. ಒಂದು ತಿಂಗಳು ಮುಂದೆ ಹಾಕಿ, ಶಕ್ತಿ ಬಂದ ಮೇಲೆ ಮಾಡಿಸಿದರೆ ಒಳ್ಳೆಯದಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ಐದಾರು ಇವೆ, ಭಯ ಮಾತ್ರ ಒಂದೇ. ಕ್ಯಾನ್ಸರ್ ತೆಗೆಸಲು ಹೋಗಿ, ಮತ್ತು ಬರಿಸುವ ಔಷಧದಿಂದಲೇ ಅದಕ್ಕೆ ದಾರಿ ಮಾಡಿಕೊಟ್ಟಂತಾದರೆ ಏನು ಗತಿ? ನಾನು ಅನಸ್ತೇಶಿಯಾ ಡಾಕ್ಟರ್, ಆಪರೇಷನ್‌ಗೆ ಮುಂಚಿನ ಚೆಕಪ್‌ಗೆ ನಮ್ಮ ಹತ್ತಿರ ಬರುವವರಲ್ಲಿ ಇದನ್ನು ಕೇಳುವವರು ತುಂಬಾ ಜನ. ಹೆಚ್ಚಿನವರು ರೋಗಿಯನ್ನು ಹೊರಗೆ ಕೂರಿಸಿ, ತಾವು ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ ಕೇಳುತ್ತಾರೆ. ಹೊರಗೆ ಕೂತ ಅಮ್ಮನೂ ಅದೇ ಮೆಸೇಜ್ ಓದಿರುತ್ತಾರೆ, ಅದು ಬೇರೆ ಮಾತು.

ನಿಮ್ಮ ಮಾವ ಕಳಿಸಿದ್ದು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಇಷ್ಟು ಹೆದರಿಸುತ್ತದೆ. ದೊಡ್ಡ ಆಪರೇಷನ್ ಆದ ಮೇಲೆ ರಕ್ತದಲ್ಲಿ ಎನ್‌ಕೆ ಕಣಗಳು, ಅಂದರೆ ನೀವು ಹೇಳಿದ, ಕ್ಯಾನ್ಸರ್ ಕಣಗಳ ಮೇಲೆ ಬೀಳುವ ನ್ಯಾಚುರಲ್ ಕಿಲ್ಲರ್ ಕಣಗಳು, ಕೆಲವು ದಿನ ಮಂಕಾಗುವುದು ನಿಜ. ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಅನ್ನುವ ಬಗೆಯ ಎಣಿಕೆ ಇಳಿಯುತ್ತದೆ, ನ್ಯೂಟ್ರೋಫಿಲ್ ಅನ್ನುವ ಬಗೆ ಏರುತ್ತದೆ. ಉರಿಯೂತದ ಸಂದೇಶ ಹೊರುವ ಇಂಟರ್‌ಲ್ಯೂಕಿನ್-6 ಅನ್ನುವ ಪದಾರ್ಥ ಕೆಲವೇ ಗಂಟೆಗಳಲ್ಲಿ ಜಾಸ್ತಿಯಾಗುತ್ತದೆ. ಅದರ ಹಿಂದೆ ಉರಿಯೂತದ ಗುರುತಾದ ಸಿಆರ್‌ಪಿ ಏರಿ, ಎರಡನೇ ಅಥವಾ ಮೂರನೇ ದಿನ ಶಿಖರ ಮುಟ್ಟಿ, ಆಮೇಲೆ ಇಳಿಯುತ್ತದೆ. ಒತ್ತಡದ ಹಾರ್ಮೋನ್‌ಗಳಾದ ಕಾರ್ಟಿಸಾಲ್, ಅಡ್ರಿನಲಿನ್ ಕೂಡ ಏರುತ್ತವೆ. ಇಷ್ಟರ ಬಗ್ಗೆ ಯಾವ ವೈದ್ಯರಿಗೂ ತಕರಾರಿಲ್ಲ.

ತಕರಾರು ಇರುವುದು ಮುಂದಿನ ಮಾತಿಗೆ. ಇದನ್ನೆಲ್ಲ ಮಾಡಿದ್ದು ಗ್ಯಾಸ್ ಅಂತ ಯಾರು ಹೇಳಿದರು?

ಹೆಚ್ಚಿನ ಪಾಲು ಗಾಯದ್ದು. ಬ್ಲೇಡು ಚರ್ಮ ದಾಟಿದ ಕೂಡಲೇ ದೇಹಕ್ಕೆ ಅದು ಪೆಟ್ಟು. ಆಪರೇಷನ್ ಟೇಬಲ್ ಮೇಲೆ ಬಿದ್ದ ಪೆಟ್ಟೋ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಗಾಡಿಯಿಂದ ಬಿದ್ದು ಆದ ಪೆಟ್ಟೋ, ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಒತ್ತಡದ ಹಾರ್ಮೋನ್ ಸುರಿಸುತ್ತದೆ, ಉರಿಯೂತ ಶುರು ಮಾಡುತ್ತದೆ. ಇದರ ಜೊತೆ ನೋವು, ಭಯ, ರಕ್ತ ಹೋಗುವುದು, ಮೈ ತಣ್ಣಗಾಗುವುದು, ಶುಗರ್ ಏರುವುದು ಎಲ್ಲ ಸೇರುತ್ತವೆ. ಅನಸ್ತೇಶಿಯಾ ಔಷಧದ್ದೂ ಒಂದು ಪಾಲಿದೆ, ಇಲ್ಲ ಅನ್ನುವುದಿಲ್ಲ. ಪ್ರಯೋಗಾಲಯದ ತಟ್ಟೆಯಲ್ಲಿ ಸೆವೊಫ್ಲೂರೇನ್ ಗ್ಯಾಸ್, ಮಾರ್ಫಿನ್ ಎರಡೂ ಎನ್‌ಕೆ ಕಣಗಳ ಚುರುಕನ್ನು ತಗ್ಗಿಸಿದ ಉದಾಹರಣೆಗಳಿವೆ. ಆದರೆ ತಟ್ಟೆಗೆ ನೋವಾಗುವುದಿಲ್ಲ, ಬಿಪಿ ಏರುವುದಿಲ್ಲ. ಅನಸ್ತೇಶಿಯಾ ಸರಿಯಾಗಿ ಇಲ್ಲದೆ ಆಪರೇಷನ್ ನಡೆದರೆ ಈ ಹಾರ್ಮೋನ್‌ಗಳೆಲ್ಲ ಇನ್ನೂ ಮೇಲೇ ಹೋಗುತ್ತವೆ.

ಇನ್ನೊಂದು ವಿಷಯವನ್ನು ಬೆಂಗಳೂರಿನವರಿಗೆ ಸುಲಭವಾಗಿ ಹೇಳಬಹುದು. ಕರಗದ ರಾತ್ರಿ ನಗರದ ಪೊಲೀಸರು ಎಲ್ಲಿರುತ್ತಾರೆ? ಬಹಳ ಜನ ತಿಗಳರಪೇಟೆಯ ಗಲ್ಲಿಗಳಲ್ಲಿ, ಧರ್ಮರಾಯನ ಗುಡಿಯ ಸುತ್ತ. ಆ ರಾತ್ರಿ ನೀವು ವಿಜಯನಗರದ ಠಾಣೆಗೆ ಹೋಗಿ ತಲೆ ಎಣಿಸಿದರೆ ಏನು ಸಿಗುತ್ತದೆ? ಕಾರ್ಟಿಸಾಲ್ ಏರಿದಾಗ ಲಿಂಫೋಸೈಟ್‌ಗಳದ್ದೂ ಸುಮಾರಾಗಿ ಇದೇ ಕಥೆ. ಅವು ರಕ್ತ ಬಿಟ್ಟು ಬೇರೆ ಅಂಗಾಂಶಗಳಿಗೆ ಸರಿಯುತ್ತವೆ. ನಾವು ಕೈಯಿಂದ ಎಳೆಯುವ ಐದು ಮಿಲಿ ರಕ್ತದಲ್ಲಿ ಅವು ಕಡಿಮೆ ಕಾಣುತ್ತವೆ. ಅಂದಮಾತ್ರಕ್ಕೆ ಎಲ್ಲ ಸತ್ತವು ಅಂತಲ್ಲ. ಮೆಸೇಜಿನಲ್ಲಿ 'ಕೊಲ್ಲುತ್ತದೆ' ಅಂತ ಬರೆದದ್ದು ಅದಕ್ಕೇ ತಪ್ಪು.

ಈಗ ಗ್ಯಾಸ್ ಮತ್ತು ಬಿಳಿ ಇಂಜೆಕ್ಷನ್ ವಿಷಯ. ನಿಮ್ಮಂಥವರ ತಲೆ ಕೆಟ್ಟಿರುವುದು ಇಲ್ಲೇ, ನಮ್ಮ ತಲೆ ಕೆಟ್ಟಿದ್ದೂ ಇಲ್ಲೇ.

ಬಿಳಿ ಇಂಜೆಕ್ಷನ್ ಅಂದರೆ ಪ್ರೊಪೊಫಾಲ್. ಸೋಯಾ ಎಣ್ಣೆಯಲ್ಲಿ ಕದಡಿರುವುದರಿಂದ ಹಾಲಿನ ಹಾಗೆ ಕಾಣುತ್ತದೆ. ಗ್ಯಾಸ್ ಕೊಡುವವರೂ ನಿದ್ದೆ ಬರಿಸುವಾಗ ಸಾಮಾನ್ಯವಾಗಿ ಇದನ್ನೇ ಒಂದು ಡೋಸ್ ಕೊಡುತ್ತಾರೆ, ಆಮೇಲೆ ಗ್ಯಾಸ್ ಮೇಲೆ ನಡೆಸುತ್ತಾರೆ. ಇನ್ನೊಂದು ದಾರಿ, ಗ್ಯಾಸ್ ಇಲ್ಲದೆ ಕೊನೆಯವರೆಗೂ ಪಂಪಿನಲ್ಲಿ ಪ್ರೊಪೊಫಾಲನ್ನೇ ಹರಿಸುವುದು.

2006ರಲ್ಲಿ ಐರ್ಲೆಂಡಿನಿಂದ ಒಂದು ವರದಿ ಬಂತು. ಸ್ತನ ಕ್ಯಾನ್ಸರ್ ಆಪರೇಷನ್ ಆದ 129 ಹೆಂಗಸರ ಹಳೆಯ ಫೈಲುಗಳನ್ನು ತೆಗೆದು ನೋಡಿದ್ದರು. ಬೆನ್ನುಮೂಳೆಯ ಪಕ್ಕ ನರಗಳನ್ನು ಮರಗಟ್ಟಿಸುವ ಬ್ಲಾಕ್ ಪಡೆದವರಲ್ಲಿ ಮೂರು ವರ್ಷಕ್ಕೆ 94% ಜನರಿಗೆ ಕಾಯಿಲೆ ಮರಳಿರಲಿಲ್ಲ. ಬ್ಲಾಕ್ ಇಲ್ಲದವರಲ್ಲಿ 77%. ನನಗೆ ಇನ್ನೂ ನೆನಪಿದೆ, ಆ ಪೇಪರ್ ಓದಿದ ದಿನ ನಮಗೆಲ್ಲ ಕೊಂಬು ಬಂದ ಹಾಗಾಗಿತ್ತು. ಸರ್ಜನ್ ಒಬ್ಬರೇ ಅಲ್ಲ, ನಾವೂ ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ. 2016ರಲ್ಲಿ ಲಂಡನ್ನಿನ ಒಂದು ಕ್ಯಾನ್ಸರ್ ಆಸ್ಪತ್ರೆಯ ಏಳು ಸಾವಿರ ಜನರ ದಾಖಲೆಗಳಲ್ಲಿ, ಗ್ಯಾಸ್ ಪಡೆದವರ ಸಾವಿನ ಅಪಾಯ ಸುಮಾರು ಒಂದೂವರೆ ಪಟ್ಟು ಜಾಸ್ತಿ ಕಂಡಿತು. ವಾಟ್ಸ್ಯಾಪ್‌ನಲ್ಲಿ ಓಡಾಡುತ್ತಿರುವುದು ಇಂಥ ವರದಿಗಳ ಚೂರುಗಳೇ.

ಆದರೆ ಎರಡೂ ಹಿಂದಿರುಗಿ ನೋಡಿದ ಲೆಕ್ಕಗಳು. ಯಾರಿಗೆ ಯಾವ ಔಷಧ ಅಂತ ಚೀಟಿ ಎತ್ತಿ ಹಂಚಿರಲಿಲ್ಲ, ಡಾಕ್ಟರೇ ಆರಿಸಿದ್ದರು. ಯಾರಿಗೆ ಏನು ಸಿಕ್ಕಿತು ಅನ್ನುವುದರ ಹಿಂದೆ ರೋಗಿಯ ಸ್ಥಿತಿ, ಆಪರೇಷನ್ನಿನ ಗಾತ್ರ, ಡಾಕ್ಟರ ರೂಢಿ ಎಲ್ಲ ಇರುತ್ತವೆ. ಲೆಕ್ಕದಲ್ಲಿ ಎಷ್ಟೇ ಸರಿದೂಗಿಸಿದರೂ ಇಂಥದ್ದು ಪೂರ್ತಿ ಹೋಗುವುದಿಲ್ಲ.

ಚೀಟಿ ಎತ್ತಿದ ಹಾಗೆ ಹಂಚಿ ಮಾಡಿದ ದೊಡ್ಡ ಪರೀಕ್ಷೆಯ ಫಲಿತಾಂಶ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಂಟು ದೇಶ, 13 ಆಸ್ಪತ್ರೆ, 2,108 ಹೆಂಗಸರು. ಎಲ್ಲರಿಗೂ ಸ್ತನ ಕ್ಯಾನ್ಸರ್ ಆಪರೇಷನ್. ಅರ್ಧ ಜನಕ್ಕೆ ಬ್ಲಾಕ್ ಮತ್ತು ಪ್ರೊಪೊಫಾಲ್, ಉಳಿದರ್ಧಕ್ಕೆ ಸೆವೊಫ್ಲೂರೇನ್ ಮತ್ತು ಮಾರ್ಫಿನ್ ಜಾತಿಯ ನೋವಿನ ಔಷಧ. ಕಾಯಿಲೆ ಮರಳಿದ್ದು ಆ ಗುಂಪಿನಲ್ಲಿ 10%, ಈ ಗುಂಪಿನಲ್ಲೂ 10%. ಆಮೇಲೆ ಸ್ವೀಡನ್ ವೈದ್ಯರು ಮುಂದಾಗಿ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ ಪ್ರೊಪೊಫಾಲ್ ಮತ್ತು ಸೆವೊಫ್ಲೂರೇನ್ ಎರಡನ್ನೇ ಎದುರುಬದುರು ನಿಲ್ಲಿಸಿದರು. 1,600ಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳು. ಐದು ವರ್ಷಕ್ಕೆ ಎರಡೂ ಕಡೆ ಸುಮಾರು 92% ಜನ ಬದುಕಿದ್ದರು. ನಮ್ಮ ಕೊಂಬು ಅಲ್ಲಿಗೆ ಬಿದ್ದುಹೋಯಿತು.

ನೋಡಿ, ಬಿಳಿ ಇಂಜೆಕ್ಷನ್ ಕೊಟ್ಟವರ ರಕ್ತದಲ್ಲಿ ಎನ್‌ಕೆ ಕಣಗಳ ಲೆಕ್ಕ ಒಂದೆರಡು ದಿನ ಚೆನ್ನಾಗಿ ಕಂಡ ಸಣ್ಣ ಅಧ್ಯಯನಗಳು ಬೇಕಾದಷ್ಟಿವೆ. ಆದರೆ ಆ ಎರಡು ದಿನದ ಲೆಕ್ಕ ಐದು ವರ್ಷದ ಬಾಳಿಗೆ ಬಂದು ಸೇರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡು ಮಾರ್ಕ್ಸ್ ಕಡಿಮೆ ಬಂದ ಮಕ್ಕಳೆಲ್ಲ ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾಗುತ್ತಾರಾ? ನಿಮ್ಮ ಅಮ್ಮ ಟೀಚರ್, ಅವರನ್ನೇ ಕೇಳಿ.

ಹಾಗಾಗಿ ಗ್ಯಾಸ್ ಬೇಡ ಅಂತ ಪಟ್ಟು ಹಿಡಿಯಬೇಡಿ. ಪ್ರೊಪೊಫಾಲ್ ಪಂಪಿಗೆ ಅದರದೇ ಲಾಭ ಇದೆ. ಎದ್ದಾಗ ವಾಕರಿಕೆ, ವಾಂತಿ ಕಡಿಮೆ. ಅಮ್ಮನಿಗೆ ಬಸ್ಸಿನಲ್ಲಿ ವಾಂತಿಯಾಗುವ ಸ್ವಭಾವ ಇದ್ದರೆ ಅಥವಾ ಹಿಂದೆ ಆಪರೇಷನ್ ಆದಾಗ ವಾಂತಿ ಆಗಿದ್ದರೆ ಖಂಡಿತ ಹೇಳಿ, ಆ ಕಾರಣಕ್ಕೆ ನಾನೂ ಅದನ್ನೇ ಆರಿಸಬಹುದು. ತೊಂದರೆಯೂ ಇದೆ. ಬಿಪಿ ಇಳಿಸುತ್ತದೆ. ಡ್ರಿಪ್ ಹಾಕಿದ ಸೂಜಿ ಕದಲಿ ಔಷಧ ಹೊರಗೆ ಸೋರಿದರೆ ರೋಗಿ ನಡುವೆ ಎಚ್ಚರಗೊಳ್ಳುವ ಅಪಾಯ ಇದೆ, ಅದಕ್ಕೇ ಹಣೆಗೆ ಒಂದು ಪಟ್ಟಿ ಅಂಟಿಸಿ ಮೆದುಳಿನ ಅಲೆ ನೋಡುತ್ತಿರುತ್ತೇವೆ. ಗ್ಯಾಸ್‌ನಲ್ಲಿ ಎಷ್ಟು ಒಳಗೆ ಹೋಗುತ್ತಿದೆ, ಎಷ್ಟು ಉಸಿರಿನಲ್ಲಿ ವಾಪಸ್ ಬರುತ್ತಿದೆ ಅಂತ ಯಂತ್ರದ ಮೇಲೆ ಕ್ಷಣಕ್ಷಣಕ್ಕೂ ಕಾಣುತ್ತದೆ. ಆಪರೇಷನ್ ಮುಗಿದು ಅದನ್ನು ನಿಲ್ಲಿಸಿದರೆ ಬಹುಪಾಲು ಶ್ವಾಸಕೋಶದಿಂದಲೇ ಹೊರಗೆ ಹೋಗುತ್ತದೆ. ನಿಮ್ಮ ಡಾಕ್ಟರಿಗೆ ಯಾವುದರಲ್ಲಿ ಕೈ ಪಳಗಿದೆಯೋ ಅದು ಅಮ್ಮನಿಗೆ ಸುರಕ್ಷಿತ.

ಪೂರ್ತಿ ಮತ್ತು ಬರಿಸದೇ ಮಾಡಬಹುದಾ? ಮಾಡಬಹುದು. ಹೃದಯ ಅಥವಾ ಶ್ವಾಸಕೋಶ ತುಂಬಾ ಕೆಟ್ಟಿರುವ, ಎಂಬತ್ತು ದಾಟಿದ ಕೆಲವು ಅಜ್ಜಿಯರಿಗೆ ಬ್ಲಾಕ್ ಕೊಟ್ಟು, ಸ್ವಲ್ಪ ಮಂಪರು ಕೊಟ್ಟು ನಾವೇ ಮಾಡಿದ್ದೇವೆ. ಆದರೆ ಕಂಕುಳಿನ ಗಂಟುಗಳವರೆಗೆ ಹೋಗುವಾಗ ಒಂದೇ ಬ್ಲಾಕ್ ಎಲ್ಲವನ್ನೂ ಮುಚ್ಚುವುದಿಲ್ಲ, ನಡುವೆ ನೋವು ಚುಚ್ಚುತ್ತದೆ. ಬೆನ್ನಿನ ಪಕ್ಕದ ಬ್ಲಾಕ್‌ನಲ್ಲಿ ಸೂಜಿ ಶ್ವಾಸಕೋಶದ ಪೊರೆಗೆ ತಾಗುವ ಸಣ್ಣ ಅಪಾಯ ಇದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಸೂಜಿ ಚುಚ್ಚಿದ ಕಡೆ ಒಳಗೆ ರಕ್ತ ಸೋರಿ ತುಂಬಿಕೊಳ್ಳುವ ಭಯ ಇದೆ. 61 ವರ್ಷದ ನಿಮ್ಮ ಅಮ್ಮನಿಗೆ ಹೃದಯ ಸರಿಯಿದ್ದರೆ ಎಚ್ಚರವಾಗಿಟ್ಟು ಮಾಡುವುದರಲ್ಲಿ ಲಾಭ ಕಾಣುವುದಿಲ್ಲ. ಪೂರ್ತಿ ನಿದ್ದೆಯ ಜೊತೆಗೆ ಬ್ಲಾಕ್ ಕೂಡ ಕೊಡುವುದು ಬೇರೆ ಮಾತು. ಮೊದಲ ದಿನದ ನೋವು ಚೆನ್ನಾಗಿ ಹಿಡಿತಕ್ಕೆ ಬರುತ್ತದೆ. ನಾನಿದ್ದರೆ ಅದನ್ನು ಕೊಡುತ್ತೇನೆ, ಕ್ಯಾನ್ಸರ್ ತಡೆಯುತ್ತದೆ ಅಂತ ಅಲ್ಲ, ಅಮ್ಮ ಆರಾಮಾಗಿ ಏಳಲಿ ಅಂತ.

ಮರಗಟ್ಟಿಸುವ ಔಷಧದ ಮಾತು ಬಂದಿದ್ದಕ್ಕೆ ಇನ್ನೊಂದು ಸುದ್ದಿ ಹೇಳಲೇಬೇಕು. ಇದು ನಮ್ಮ ದೇಶದ್ದೇ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ದೇಶದ 11 ಕೇಂದ್ರಗಳಲ್ಲಿ 1,600 ಹೆಂಗಸರ ಮೇಲೆ ಮಾಡಿದ ಪರೀಕ್ಷೆ, 2023ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಮಾಮೂಲಿನಂತೆ ಪೂರ್ತಿ ಅನಸ್ತೇಶಿಯಾ. ಅರ್ಧ ಜನಕ್ಕೆ ಮಾತ್ರ, ಗಡ್ಡೆ ತೆಗೆಯಲು ಶುರು ಮಾಡುವ ಕೆಲವು ನಿಮಿಷ ಮುಂಚೆ, ಅದರ ಸುತ್ತ ಲಿಗ್ನೊಕೇನ್ ಚುಚ್ಚಿದರು. ಹಲ್ಲು ಕೀಳುವಾಗ ವಸಡಿಗೆ ಚುಚ್ಚುತ್ತಾರಲ್ಲ, ಅದೇ ಔಷಧ. ಐದು ವರ್ಷಕ್ಕೆ ಕಾಯಿಲೆ ಮರಳದೆ ಬದುಕಿದ್ದವರು ಚುಚ್ಚಿದ ಗುಂಪಿನಲ್ಲಿ 86.6%, ಚುಚ್ಚದ ಗುಂಪಿನಲ್ಲಿ 82.6%. ಇಷ್ಟು ಅಗ್ಗದ ಔಷಧಕ್ಕೆ ಇದು ಸಣ್ಣ ಲಾಭ ಅಲ್ಲ. ಒಂದೇ ಪರೀಕ್ಷೆಯನ್ನು ನಂಬಿ ಕುಣಿಯುವುದು ಬೇಡ ಅನ್ನುವವರೂ ಇದ್ದಾರೆ, 2006ರ ಕಥೆ ನೋಡಿದ ನನಗೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಆದರೆ ಇದು ಹಳೆಯ ಫೈಲು ಕೆದಕಿದ ಲೆಕ್ಕ ಅಲ್ಲ, ಅಪಾಯವೂ ಕಡಿಮೆ. ನಿಮ್ಮ ಸರ್ಜನ್ ಹತ್ತಿರ ಕೇಳಿ ನೋಡಿ. ಅವರು ಮಾಡುವುದಾದರೆ ಬ್ಲಾಕ್ ಕೊಡುವ ಅನಸ್ತೇಶಿಯಾ ಡಾಕ್ಟರಿಗೆ ಮೊದಲೇ ತಿಳಿದಿರಬೇಕು. ಎರಡೂ ಸೇರಿ ಮರಗಟ್ಟಿಸುವ ಔಷಧದ ಒಟ್ಟು ಡೋಸ್ ಮಿತಿ ದಾಟಬಾರದು.

ಇಮ್ಯೂನಿಟಿ ಟೆಸ್ಟ್ ಮಾಡಿಸಬೇಡಿ. ಎನ್‌ಕೆ ಕಣಗಳ ಲೆಕ್ಕ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಹಿಂದಿನ ರಾತ್ರಿ ನಿದ್ದೆ ಕೆಟ್ಟರೆ ಮತ್ತೊಂದು. ಕಡಿಮೆ ಬಂದರೆ ಕೊಡಲು ನಮ್ಮ ಹತ್ತಿರ ಔಷಧ ಇಲ್ಲ, ಜಾಸ್ತಿ ಬಂದರೆ ಆಪರೇಷನ್ ಬಿಡುವುದೂ ಇಲ್ಲ. ರಿಪೋರ್ಟ್ ಕೈಗೆ ಬಂದ ಮೇಲೆ ನಿಮ್ಮ ನಿದ್ದೆ ಹೋಗುತ್ತದೆ, ಅಷ್ಟೇ. ಆಪರೇಷನ್ ಆದ ಮೇಲೆ ಸೋಂಕಿನ ಅನುಮಾನ ಬಂದರೆ ನಾವೇ ಸಿಆರ್‌ಪಿ, ಬಿಳಿ ರಕ್ತಕಣ ನೋಡುತ್ತೇವೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತ ಸಂಖ್ಯೆ ಒಂದೇ: 9.1. ನೀವು ಎನ್‌ಕೆ ಕಣಕ್ಕೆ ಹೆದರಿದ್ದೀರಿ, ನನಗೆ ಅಮ್ಮನ ಶುಗರ್ ಚಿಂತೆ. ಶುಗರ್ ಜಾಸ್ತಿ ಇದ್ದಾಗ ನ್ಯೂಟ್ರೋಫಿಲ್ ಕಣಗಳು ಬ್ಯಾಕ್ಟೀರಿಯಾ ನುಂಗುವ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಗಾಯ ನಿಧಾನವಾಗಿ ಮಾಯುತ್ತದೆ, ಕೀವು ಕಟ್ಟಬಹುದು. ಗಾಯ ಮಾಯದಿದ್ದರೆ ಕೀಮೋ ಬೇಕಾದಾಗ ಅದೂ ತಡವಾಗುತ್ತದೆ. ಎಚ್‌ಬಿಎ1ಸಿ ಮೂರು ತಿಂಗಳ ಲೆಕ್ಕ, ಹನ್ನೆರಡು ದಿನದಲ್ಲಿ ಹೆಚ್ಚು ಇಳಿಯುವುದಿಲ್ಲ. ಆದರೆ ದಿನದಿನದ ಶುಗರ್ ಖಂಡಿತ ಇಳಿಸಬಹುದು, ಬೇಕಾದರೆ ಇನ್ಸುಲಿನ್ ಹಾಕಿಯಾದರೂ. ಇಂದೇ ಅವರ ಶುಗರ್ ಡಾಕ್ಟರ ಹತ್ತಿರ ಹೋಗಿ. ಮಾತ್ರೆಗಳಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ 'ಫ್ಲೋಜಿನ್' ಬಾಲ ಇರುವ ಹೆಸರು ಇದೆಯಾ ನೋಡಿ. ಇದ್ದರೆ ಮರೆಯದೆ ನಮಗೆ ಹೇಳಿ, ಅದನ್ನು ಆಪರೇಷನ್‌ಗೆ ಮೂರು ದಿನ ಮುಂಚೆಯೇ ನಿಲ್ಲಿಸಬೇಕಾಗುತ್ತದೆ.

ಅಮೃತಬಳ್ಳಿ ಕಷಾಯ ಇವತ್ತೇ ನಿಲ್ಲಿಸಿ. ಪಾರಂಪರಿಕ ಔಷಧದ ಮೇಲೆ ನನಗೆ ದ್ವೇಷ ಇಲ್ಲ, ನಮ್ಮ ಮನೆಯ ಕಾಂಪೌಂಡಿನಲ್ಲೂ ಆ ಬಳ್ಳಿ ಹಬ್ಬಿದೆ. ಆದರೆ ಕೊರೋನಾ ಕಾಲದಲ್ಲಿ ಅದನ್ನು ದಿನಾ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಅದು ಶುಗರನ್ನೂ ಇಳಿಸಬಹುದು. ಗಿಡಮೂಲಿಕೆ ಯಾವುದೇ ಇರಲಿ, ಎರಡು ವಾರ ಮುಂಚೆ ನಿಲ್ಲಿಸಿ ಅಂತ ನಾವು ಹೇಳುವುದು ರೂಢಿ. ಎಷ್ಟು ದಿನ ಕುಡಿದರು ಅಂತ ಚೆಕಪ್‌ನಲ್ಲಿ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ.

ಒಂದು ತಿಂಗಳು ಮುಂದೆ ಹಾಕುವುದು ಬೇಡವೇ ಬೇಡ. 2020ರಲ್ಲಿ 34 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಕ್ಯಾನ್ಸರ್ ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ 6ರಿಂದ 8% ಏರುವುದು ಕಂಡಿದೆ. ಶುಗರ್ ಹತೋಟಿಗೆ ತರಲು ನಾಲ್ಕೈದು ದಿನ ಬೇಕು ಅಂತ ಡಾಕ್ಟರೇ ಹೇಳಿದರೆ ಒಪ್ಪಿಕೊಳ್ಳಿ. ಶಕ್ತಿ ಬರಲಿ ಅಂತ ಸುಮ್ನೆ ಕಾಯಬೇಡಿ. 'ಕತ್ತರಿ ಹಾಕಿದರೆ ಹರಡುತ್ತೆ' ಅನ್ನುವ ಮಾತು ಹುಟ್ಟಿದ್ದೇ ತಡವಾಗಿ ಬಂದವರಿಂದ. ಹೊಟ್ಟೆ ತೆರೆದಾಗ ಆಗಲೇ ಹರಡಿದ್ದು ಕಂಡಿತು, ಹೊರಗೆ ಕಾದವರಿಗೆ ತೆರೆದಿದ್ದರಿಂದ ಹರಡಿತು ಅನ್ನಿಸಿತು.

ಗ್ಯಾಸ್, ಬಿಳಿ ಇಂಜೆಕ್ಷನ್ ಬಿಟ್ಟು ನಮ್ಮ ಕೈಯಲ್ಲಿ ನಿಜಕ್ಕೂ ಇರುವುದು ಏನು ಅಂತ ಹೇಳುವಾಗ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಆಸ್ಪತ್ರೆಯಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್. ನಾಲ್ಕೂವರೆ ಗಂಟೆ ಹಿಡಿಯಿತು. ಸರ್ಜನ್‌ಗೆ ಸೆಖೆ, ಎಸಿ ತಗ್ಗಿಸುತ್ತಲೇ ಹೋದರು. ನಾನು ಬಿಪಿ, ಆಕ್ಸಿಜನ್, ಗ್ಯಾಸಿನ ಅಂಕಿಗಳನ್ನೇ ನೋಡುತ್ತಾ ಕೂತಿದ್ದೆ. ಮೈಬಿಸಿ ಅಳೆಯುವ ತಂತಿ ಡ್ರಾಯರಿನಲ್ಲೇ ಇತ್ತು. ತಣ್ಣಗಿನ ಸಲೈನ್ ಬಾಟಲಿ ಒಂದಾದ ಮೇಲೊಂದು ಹೋಯಿತು. ಎಬ್ಬಿಸಿದಾಗ ಆ ಯಜಮಾನರು ನಡುಗುತ್ತಿದ್ದ ರಭಸಕ್ಕೆ ಟ್ರಾಲಿಯ ಕಂಬಿಗಳು ಕಟಕಟ ಅನ್ನುತ್ತಿದ್ದವು. ಮೈಬಿಸಿ 34.6 ಡಿಗ್ರಿ ಸೆಲ್ಸಿಯಸ್. ಐದನೇ ದಿನ ಗಾಯದಲ್ಲಿ ಕೀವು. ಅವರ ಕೀಮೋ ಮೂರು ವಾರ ತಡವಾಯಿತು. ಚಳಿಯಿಂದಲೇ ಆಯಿತು ಅಂತ ಸಾಬೀತು ಮಾಡಲು ಆಗುವುದಿಲ್ಲ. ಆದರೆ 1996ರಲ್ಲೇ ಇಂಥದೇ ಕರುಳಿನ ಆಪರೇಷನ್ ಆದ 200 ಜನರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದರು. ಮೈ ತಣ್ಣಗಾದವರಲ್ಲಿ ಗಾಯದ ಸೋಂಕು 19%, ಬೆಚ್ಚಗಿಟ್ಟವರಲ್ಲಿ 6%. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಮೈಬಿಸಿಯನ್ನು 37ರಲ್ಲಿ ಇಟ್ಟರೂ 35.5ರಲ್ಲಿ ಇಟ್ಟರೂ ದೊಡ್ಡ ವ್ಯತ್ಯಾಸ ಇಲ್ಲ ಅಂತ ಈಚಿನ ದೊಡ್ಡ ಪರೀಕ್ಷೆ ತೋರಿಸಿದೆ. ಆದರೆ 34.6 ಅದಕ್ಕಿಂತಲೂ ಕೆಳಗೆ. ಅವತ್ತಿನಿಂದ ಬಿಸಿಗಾಳಿ ಊದುವ ಹೊದಿಕೆ ಹಾಕದೆ ನಾನು ಕೇಸ್ ಶುರು ಮಾಡುವುದಿಲ್ಲ.

ಹೊರಗಿನಿಂದ ನೀವು ಮಾಡಬಹುದಾದದ್ದೂ ಇದೆ. ಬೆಳಿಗ್ಗೆ ಆಪರೇಷನ್ ಅಂದರೆ ನಮ್ಮ ಕಡೆ ರಾತ್ರಿ ಎಂಟಕ್ಕೇ ಊಟ, ನೀರು ಎಲ್ಲ ಬಂದ್. ಒಂದು ಕೇಸ್ ತಡವಾದರೆ ಹದಿನಾಲ್ಕು ಗಂಟೆ ಬಾಯಿ ಒಣಗಿಸಿಕೊಂಡು ಕೂರುತ್ತಾರೆ. ಇಡ್ಲಿಯಂಥ ಹಗುರ ತಿಂಡಿಗೆ ಆರು ಗಂಟೆ ಬಿಡುವು ಸಾಕು, ಬರೀ ನೀರಿಗೆ ಎರಡು ಗಂಟೆ. ಶುಗರ್ ಇದ್ದವರ ಹೊಟ್ಟೆ ಕೆಲವೊಮ್ಮೆ ನಿಧಾನ, ಹಾಗಾಗಿ ಅಮ್ಮನಿಗೆ ಎಷ್ಟು ಹೊತ್ತಿನವರೆಗೆ ನೀರು ಕೊಡಬಹುದು ಅಂತ ಕೇಳಿ ಬರೆಸಿಕೊಳ್ಳಿ. ಆಪರೇಷನ್ ಆದ ಮೇಲೆ ನೋವು ಅಂದರೆ ನರ್ಸನ್ನು ಕರೆಯಿರಿ. 'ಮಾರ್ಫಿನ್ ಬೇಡ, ತಡೆದುಕೊಳ್ಳುತ್ತಾರೆ' ಅಂತ ನೀವು ಹೇಳಬೇಡಿ. ನೋವು ತಾಳಿಕೊಂಡವರಿಗೆ ಒತ್ತಡದ ಹಾರ್ಮೋನ್ ಜಾಸ್ತಿ ಸುರಿಯುತ್ತದೆ, ಅವರು ದೀರ್ಘವಾಗಿ ಉಸಿರೆಳೆಯುವುದಿಲ್ಲ, ಎದ್ದು ಓಡಾಡುವುದೂ ಇಲ್ಲ.

ಚೆಕಪ್‌ಗೆ ಹೋಗುವಾಗ ಮಾತ್ರೆಗಳ ಪಟ್ಟಿ ಬೇಡ, ಸ್ಟ್ರಿಪ್‌ಗಳನ್ನೇ ಕವರಿನಲ್ಲಿ ಹಾಕಿಕೊಂಡು ಹೋಗಿ. ಮಾವ ಕಳಿಸಿದ ಮೆಸೇಜನ್ನೂ ಬೇಕಾದರೆ ತೋರಿಸಿ, ಅಮ್ಮನ ಎದುರಿಗೇ. ಅವರಿಗೆ ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಆಪರೇಷನ್ ದಿನ ಮುಚ್ಚಳ ಇರುವ ಒಂದು ಡಬ್ಬಿ ತನ್ನಿ. ಟಿಶ್ಯೂ ಪೇಪರಿನಲ್ಲಿ ಸುತ್ತಿ ದಿಂಬಿನ ಪಕ್ಕ ಇಟ್ಟ ಸೆಟ್ಟುಗಳು ಕಸದ ಬುಟ್ಟಿಗೆ ಹೋಗಿದ್ದನ್ನು ಎಷ್ಟು ಸಲ ನೋಡಿದ್ದೇನೋ, ಲೆಕ್ಕ ಇಟ್ಟಿಲ್ಲ.